ಕಿಟಕಿಗೆ ಆನಿಸಿದ ಕಲ್ಲು ಸಮುದ್ರದ್ದು: ನಮ್ಮ ಭಾಗದ ಕಾಲೇಜುಗಳಿಗೊಂದು ಬಹಿರಂಗ ಪತ್ರ

ಗೆ,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ವಿಜ್ಞಾನ ಕಾಲೇಜುಗಳ ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಯವರು,
ಹಾಗೂ ಶಾಲಾ ವಿಜ್ಞಾನ ಮೇಳ ನಡೆಸುವ ಅಧಿಕಾರಿಗಳು

ವಿಷಯ: ಸಮುದ್ರತಳದ ಭೂವಿಜ್ಞಾನ "ನಮ್ಮ ಕಡೆಯದಲ್ಲ" ಎಂಬ ಮಾತಿನ ಕುರಿತು

ಮಾನ್ಯರೇ,

ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಇಪ್ಪತ್ತೆರಡು ವರ್ಷದ ಸರ್ವಿಸ್ ಆಗಿದೆ. ಪತ್ರ ಬರೆಯುವ ಚಟ ಇಲ್ಲ. ಒಂದೇ ವರ್ಷದಲ್ಲಿ ಎರಡು ಸಲ ಒಂದೇ ಮಾತು ಕೇಳಬೇಕಾಯಿತು, ಅದೂ ಮಕ್ಕಳ ಎದುರಿಗೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದು ವಿಜ್ಞಾನ ಮೇಳದಲ್ಲಿ. ನಮ್ಮ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಸಮುದ್ರದ ತಳದ ಮಾದರಿ ಮಾಡಿದ್ದರು. ಟಿವಿ ಬಂದ ಡಬ್ಬಿಯ ಥರ್ಮಾಕೋಲ್ ಕೊರೆದು ನಡುವೆ ಬೆಟ್ಟದ ಸಾಲು, ಅದರ ನೆತ್ತಿಯಲ್ಲಿ ಸೀಳು, ಪಕ್ಕದಲ್ಲಿ ಆಳದ ಬಯಲು. ಮುಂದೆ ಒಂದು ಕಲ್ಲು ಇಟ್ಟಿದ್ದರು. ಕಪ್ಪತಗುಡ್ಡದ ಬುಡದಲ್ಲಿ ಆರಿಸಿದ್ದು. ಅದರ ಮೇಲೆ ದಾರಕ್ಕೆ ಒಂದು ಆಯಸ್ಕಾಂತ ಕಟ್ಟಿ ಇಳಿಬಿಟ್ಟಿದ್ದರು. ಅದು ಕಲ್ಲಿನ ಕಡೆ ವಾಲಿಕೊಂಡು ಟಕ್ ಅಂತ ಅಂಟುತ್ತಿತ್ತು. ನೋಡಲು ಬಂದ ಸಣ್ಣ ಮಕ್ಕಳಿಗೆ ಅದೇ ಆಟ.

ತೀರ್ಪುಗಾರರು ಬಂದರು. "ಏನವಾ ಇದು?" ಎಂದರು. "ಸಮುದ್ರದ ತಳಾ ರೀ ಸರ್" ಎಂದು ಒಬ್ಬಳು ಶುರು ಮಾಡಿದಳು. ಅವರು ಪೂರ್ತಿ ಕೇಳಲಿಲ್ಲ. "ಗದಗಿಗೂ ಸಮುದ್ರಕ್ಕೂ ಏನ್ ಸಂಬಂಧ? ಇದನ್ನ ಕಾರವಾರದ ಹುಡುಗ್ರು ಮಾಡ್ತಾರ. ನೀವು ಹನಿ ನೀರಾವರಿ ಮಾಡ್ರಿ, ಬಹುಮಾನ ಬರ್ತದ" ಅಂದು ಮುಂದಿನ ಟೇಬಲ್ಲಿಗೆ ಹೋದರು. ಕೆಟ್ಟ ಮನುಷ್ಯರೇನಲ್ಲ, ನಗುತ್ತಲೇ ಹೇಳಿದ್ದರು. ಆದರೆ ಆ ಹುಡುಗಿ ಆಯಸ್ಕಾಂತ ಬಿಚ್ಚಿ ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಂಡಿದ್ದನ್ನು ನಾನು ನೋಡಿದೆ. ಮಧ್ಯಾಹ್ನದವರೆಗೆ ಹೊರಗೆ ತೆಗೆಯಲಿಲ್ಲ.

ಎರಡನೆಯದು ಜೂನ್ ತಿಂಗಳಲ್ಲಿ. ಪಿಯುಸಿ ಮುಗಿಸಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಒಂದು ಕಾಲೇಜಿಗೆ ಹೋಗಿದ್ದೆ. ಹೆಸರು ಬೇಡ. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಸಿಗುತ್ತದಾ ಅಂತ ಕೇಳಿದೆವು. "ಆ ಕಾಂಬಿನೇಷನ್ ಬಂದ್ ಆಗಿ ಭಾಳ ವರ್ಷ ಆತ್ರೀ" ಎಂದರು ಗುಮಾಸ್ತರು. ಹುಡುಗ ಮೆಲ್ಲಗೆ, ತನಗೆ ಸಮುದ್ರದ ಕಡೆ ಓದುವ ಮನಸ್ಸಿದೆ ಅಂದ. ಒಳಗಿನಿಂದ ಬಂದ ಪ್ರಾಧ್ಯಾಪಕರೊಬ್ಬರು ಅದೇ ಪಲ್ಲವಿ ಹಾಡಿದರು: "ಬಯಲಸೀಮಿ ಹುಡುಗಗ ಸಮುದ್ರ ಯಾಕೋ ತಮ್ಮಾ?"

ವಾಪಸ್ ಬರುವಾಗ ಕಾರಿಡಾರಿನ ಕಿಟಕಿ ಗಾಳಿಗೆ ಬಡಿಯದಂತೆ ಒಂದು ಕಲ್ಲು ಆನಿಸಿದ್ದು ಕಂಡಿತು. ಕೈಗೆತ್ತಿಕೊಂಡೆ. ಗಾತ್ರಕ್ಕೆ ಮೀರಿದ ತೂಕ. ತಳದಲ್ಲಿ ಬಿಳಿ ಪೇಂಟಿನಲ್ಲಿ 47 ಅಂತ ನಂಬರು. ಅಂದರೆ ಒಂದು ಕಾಲಕ್ಕೆ ಯಾರೋ ಮೇಷ್ಟ್ರು ತಂದು, ನಂಬರು ಬರೆದು, ಗಾಜಿನ ಕಪಾಟಿನಲ್ಲಿ ಇಟ್ಟಿದ್ದ ಮಾದರಿ. ಧೂಳು ಒರೆಸಿದರೆ ಕೆಂಪು ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಕೆಂಪು. ಇಳಕಲ್ ಸೀರೆಯ ಅಂಚು ಮಡಚಿಟ್ಟ ಹಾಗೆ. ನಮ್ಮ ಹುಡುಗಿಯರು ಮೇಳಕ್ಕೆ ತಂದಿದ್ದರಲ್ಲ, ಅದೇ ಜಾತಿಯ ಕಲ್ಲು.

ಮಾನ್ಯರೇ, ಆ ಕಲ್ಲು ಸಮುದ್ರದ ತಳದಲ್ಲಿ ಹುಟ್ಟಿದ್ದು.

ಇದು ಅಲಂಕಾರದ ಮಾತಲ್ಲ. ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಹುಟ್ಟಿದಾಗ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಹಾಗಾಗಿ ಕಬ್ಬಿಣ ತುಕ್ಕು ಹಿಡಿಯದೆ ಸಮುದ್ರದ ನೀರಿನಲ್ಲಿ ಕರಗಿಕೊಂಡೇ ಇತ್ತು. ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡಲು ಶುರು ಮಾಡಿದ ಮೇಲೆ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು ಎನ್ನುವುದು ಜಾಸ್ತಿ ಜನ ಒಪ್ಪುವ ವಿವರಣೆ. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ. ನಮ್ಮ ಭಾಗದಲ್ಲಿ ಇದೆಲ್ಲ ಆಗಿದ್ದು ಸುಮಾರು 250 ಕೋಟಿ ವರ್ಷಕ್ಕೂ ಹಿಂದೆ.

ಇನ್ನೊಂದು ಸಾಕ್ಷಿ ಬೇಕಾ? ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ ನೋಡಿ. ಗದಗಿನ ಬೆಟ್ಟಸಾಲೂ ಅಲ್ಲಿನದೂ ಒಂದೇ ಪಟ್ಟಿಯ ಶಿಲೆಗಳು. ಅಲ್ಲಿ ದಿಂಬಿನ ಮೇಲೆ ದಿಂಬು ಪೇರಿಸಿದ ಹಾಗೆ ಬಂಡೆಗಳಿವೆ. ಕಾದ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಟ್ಟನೆ ಗಟ್ಟಿಯಾಗಿ, ಒಳಗಿನದು ಉಬ್ಬಿ ಹೀಗೆ ದುಂಡಗಾಗುತ್ತದೆ. ಇವತ್ತಿಗೂ ಸಮುದ್ರದ ತಳದಲ್ಲಿ ಹೊಸ ಲಾವಾ ಹೀಗೇ ದಿಂಬು ಕಟ್ಟುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ನಮ್ಮ ಎಷ್ಟು ಕಾಲೇಜಿನ ಟೂರ್ ಬಸ್ ಅಲ್ಲಿ ನಿಂತಿದೆ ಹೇಳಿ? ದುರ್ಗದ ಕೋಟೆ ನೋಡಿ ಸೀದಾ ವಾಪಸ್ ಬರುತ್ತವೆ.

ಇನ್ನೂ ಸೋಜಿಗದ ಸಂಗತಿ ಇದೆ. ಈಗಿನ ಮಹಾಸಾಗರಗಳ ತಳ ಹೆಚ್ಚು ವಯಸ್ಸಿನದಲ್ಲ. ಅದು ಒಂದು ಕಡೆ ಹುಟ್ಟುತ್ತಾ, ಇನ್ನೊಂದು ಕಡೆ ಭೂಮಿಯೊಳಗೆ ಇಳಿದುಹೋಗುತ್ತಾ ಇರುತ್ತದೆ. ಹುಡುಕಿದರೆ ಸಿಗುವ ಹಳೆಯ ತಳಕ್ಕೂ ಹೆಚ್ಚುಕಡಿಮೆ 20 ಕೋಟಿ ವರ್ಷ, ಅಷ್ಟೇ. ಅದಕ್ಕಿಂತ ಬಹಳ ಹಳೆಯ ಸಮುದ್ರತಳ ನೋಡಬೇಕೆಂದರೆ ಸಮುದ್ರಕ್ಕೆ ಹೋಗಿ ಪ್ರಯೋಜನ ಇಲ್ಲ, ನಮ್ಮಂಥ ಗುಡ್ಡಕ್ಕೇ ಬರಬೇಕು. 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ. ಇವತ್ತು ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿಗೂ 'ಧಾರವಾರ್' ಗೊತ್ತು, ಪೇಢಾ ಗೊತ್ತಿಲ್ಲದಿದ್ದರೂ. ಅಂಥ ಊರಿನ ಸುತ್ತಲಿನ ಮಕ್ಕಳಿಗೆ ಸಮುದ್ರ ಯಾಕೆ ಅಂತ ಕೇಳುತ್ತೇವಲ್ಲ!

ಸಮುದ್ರತಳದ ಭೂವಿಜ್ಞಾನ ಅಂದರೆ ಏನು ಎಂದು ಕೇಳಿದ ಪಾಲಕರಿಗೆ ನಾನು ಹೀಗೆ ಹೇಳುತ್ತೇನೆ: ನೀರು ಬಸಿದುಬಿಟ್ಟರೆ ಕೆಳಗೆ ಏನು ಕಾಣುತ್ತದೋ ಅದನ್ನು ಓದುವುದು. ಕೆಸರು, ಕಲ್ಲು, ಬೆಟ್ಟ, ಕಣಿವೆ, ಬೆಂಕಿಬೆಟ್ಟ, ಅವು ಹೇಗಾದವು, ಮುಂದೇನಾಗುತ್ತವೆ. ಕಷ್ಟ ಏನೆಂದರೆ ನೀರು ಬಸಿಯಲು ಆಗುವುದಿಲ್ಲ. 1872ರಿಂದ 1876ರವರೆಗೆ ಸುತ್ತಿದ ಬ್ರಿಟನ್ನಿನ 'ಚಾಲೆಂಜರ್' ಹಡಗು ಹಗ್ಗಕ್ಕೆ ಭಾರ ಕಟ್ಟಿ ಆಳ ನೋಡುತ್ತಿತ್ತು. ನಾವು ಬಾವಿಯ ನೀರು ಎಷ್ಟಿದೆ ನೋಡುವ ಹಾಗೆ. ಆಮೇಲೆ ಶಬ್ದ ಬಂತು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹಡಗಿನಿಂದ ಕೂಗಿದ್ದು ತಳಕ್ಕೆ ಬಡಿದು ಐದೂ ಕಾಲು ಸೆಕೆಂಡಿಗೆ ಮರಳಿತೆಂದರೆ ಆಳ ನಾಲ್ಕು ಕಿಲೋಮೀಟರ್ ಹತ್ತಿರ. ಎಂಟನೇ ತರಗತಿಯ ಲೆಕ್ಕ. ಇಷ್ಟಾದರೂ ಈವರೆಗೆ ಸರಿಯಾಗಿ ಅಳೆದು ನಕ್ಷೆ ಮಾಡಿರುವುದು ಸಮುದ್ರತಳದ ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ.

ಆ ಮಾದರಿಯ ನಡುವೆ ಸೀಳು ಕೊರೆದಿದ್ದರಲ್ಲ ನಮ್ಮ ಹುಡುಗಿಯರು, ಅದರ ಕತೆಯನ್ನು ತೀರ್ಪುಗಾರರಿಗೆ ಹೇಳಬೇಕೆಂದು ಬಾಯಿಪಾಠ ಮಾಡಿದ್ದರು. ನಾನೇ ಹೇಳಿಬಿಡುತ್ತೇನೆ. ಅಮೆರಿಕದ ಮೇರಿ ಥಾರ್ಪ್ ಎಂಬಾಕೆ 1950ರ ದಶಕದ ಶುರುವಿನಲ್ಲಿ ಶಬ್ದದ ಅಳತೆಗಳನ್ನು ಕಾಗದದ ಮೇಲೆ ಬರೆಯುತ್ತಾ ಕೂತಿದ್ದರು. ಹೆಂಗಸರನ್ನು ಆಗ ಸಂಶೋಧನಾ ಹಡಗಿಗೆ ಹತ್ತಿಸುತ್ತಿರಲಿಲ್ಲ. ಗಂಡಸರು ಸಮುದ್ರಕ್ಕೆ ಹೋಗಿ ಅಂಕಿ ತರುವುದು, ಈಕೆ ಮೇಜಿನ ಮುಂದೆ ಕೂತು ಗೆರೆ ಎಳೆಯುವುದು. ಅಟ್ಲಾಂಟಿಕ್ ನಡುವಿನ ಬೆಟ್ಟಸಾಲಿನ ನೆತ್ತಿಯುದ್ದಕ್ಕೂ ಒಂದು ಸೀಳು ಇದೆ, ಭೂಮಿ ಅಲ್ಲಿ ಬಾಯಿ ಬಿಡುತ್ತಿದೆ ಅಂತ ಆಕೆಗೆ ಹೊಳೆಯಿತು. ಜೊತೆಗಾರ ಬ್ರೂಸ್ ಹೀಜನ್ ಮೊದಲು ಅದನ್ನು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದ. ನಕ್ಷೆಯಲ್ಲಿ ಭೂಕಂಪದ ಜಾಗ ಗುರುತಿಸಿದ ಚುಕ್ಕೆಗಳೂ ಅದೇ ಸೀಳಿನ ಉದ್ದಕ್ಕೆ ಬಿದ್ದಾಗ ಒಪ್ಪಿಕೊಳ್ಳಲೇಬೇಕಾಯಿತು.

ಆ ಸೀಳಿನಲ್ಲಿ ಹೊಸ ತಳ ಹುಟ್ಟುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದರಲ್ಲಿ ನಮ್ಮ ಅರಬ್ಬಿ ಸಮುದ್ರದ ಕಡೆಯ ಕಾರ್ಲ್ಸ್‌ಬರ್ಗ್ ಬೆಟ್ಟಸಾಲಿನ ಪಾಲು ದೊಡ್ಡದು. ಹೌದು, ಬಿಯರಿನ ಹೆಸರೇ. ಅದನ್ನು ಕಂಡುಹಿಡಿದ ಡೆನ್ಮಾರ್ಕಿನ ಹಡಗಿಗೆ ದುಡ್ಡು ಕೊಟ್ಟಿದ್ದು ಆ ಕಂಪನಿಯ ಪ್ರತಿಷ್ಠಾನ. 1962ರಲ್ಲಿ ಅಲ್ಲಿ ಅಳೆದ ಕಾಂತತ್ವದ ಏರಿಳಿತವನ್ನು ಇಟ್ಟುಕೊಂಡೇ ಬ್ರಿಟನ್ನಿನ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ತಮ್ಮ ಪ್ರಸಿದ್ಧ ಲೇಖನ ಬರೆದದ್ದು: ಸೀಳಿನಲ್ಲಿ ಉಕ್ಕಿದ ಲಾವಾ ಆರುವಾಗ ಆ ಕಾಲದ ಭೂಮಿಯ ಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ದಿಕ್ಕು ಆಗಾಗ ತಿರುಗುಮುರುಗಾಗುವುದರಿಂದ ತಳದಲ್ಲಿ ಕಾಂತದ ಪಟ್ಟೆಗಳು ಮೂಡುತ್ತವೆ ಅಂತ. ಹುಡುಗಿಯರು ಆಯಸ್ಕಾಂತ ಕಟ್ಟಿದ್ದು ಸುಮ್ನೆ ಅಲ್ಲ ಅಂತ ಈಗಲಾದರೂ ಗೊತ್ತಾಯಿತಲ್ಲ.

ಸರಿ, ಹಳೆಯ ಕತೆ ಆಯಿತು, ಇದರಿಂದ ನಮ್ಮ ರೈತರಿಗೇನು ಲಾಭ ಎಂದು ಕೇಳುತ್ತೀರಿ. ಕೇಳಬೇಕಾದ್ದೇ.

ನಮ್ಮ ಬದುಕು ಮುಂಗಾರಿನ ಮೇಲೆ ನಿಂತಿದೆ. ಹೆಸರು ಬಿತ್ತಿ ಆಕಾಶ ನೋಡುವವರು ನಾವು. ದೇಶದುದ್ದಕ್ಕೂ ಮಳೆ ಅಳೆದ ದಾಖಲೆ ಇರುವುದು ನೂರೈವತ್ತು ವರ್ಷ ಚಿಲ್ಲರೆಯದು. ಹತ್ತು ಸಾವಿರ ವರ್ಷದ ಹಿಂದೆ ಮುಂಗಾರು ಹೇಗಿತ್ತು ಎನ್ನುವ ಲೆಕ್ಕದ ಪುಸ್ತಕಗಳಲ್ಲಿ ದೊಡ್ಡದೊಂದು ಅರಬ್ಬಿ ಸಮುದ್ರದ ಕೆಸರಿನಲ್ಲಿದೆ. ನೈಋತ್ಯ ಗಾಳಿ ಜೋರಾಗಿ ಬೀಸಿದಾಗ ಸೊಮಾಲಿಯಾ, ಓಮನ್ ದಡದ ಮೇಲ್ನೀರನ್ನು ಆಚೆ ತಳ್ಳುತ್ತದೆ. ಕೆಳಗಿನ ತಣ್ಣನೆಯ, ಸತ್ವ ತುಂಬಿದ ನೀರು ಮೇಲೇಳುತ್ತದೆ. ಆ ನೀರು ಕಂಡರೆ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಒಂಟಿಕೋಶದ ಜೀವಿಗೆ ಸುಗ್ಗಿ. ಸತ್ತ ಮೇಲೆ ಅದರ ಸುಣ್ಣದ ಚಿಪ್ಪು ತಳಕ್ಕೆ ಇಳಿಯುತ್ತದೆ. ಗಾಳಿ ಜೋರಿದ್ದ ಕಾಲದ ಪದರದಲ್ಲಿ ಈ ಚಿಪ್ಪು ಜಾಸ್ತಿ, ಸೋತ ಕಾಲದ್ದರಲ್ಲಿ ಕಡಿಮೆ.

ಓದುವುದು ಹೇಗೆ? ಎಪಿಎಂಸಿಯಲ್ಲಿ ಚೀಲಕ್ಕೆ ಚೂಪಾದ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತಾರಲ್ಲ, ಹಾಗೇ. ಹಡಗಿನಿಂದ ಉದ್ದನೆಯ ಕೊಳವೆ ಇಳಿಬಿಟ್ಟು ಕೆಸರಿಗೆ ಚುಚ್ಚಿ, ಮೇಲೆ ತಂದು, ಉದ್ದಕ್ಕೆ ಸೀಳಿ, ಒಂದೊಂದು ಪದರವನ್ನೂ ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಕುಂಚದಿಂದ ಚಿಪ್ಪು ಎಣಿಸುತ್ತಾರೆ. ಗೋವಾಕ್ಕೆ ಹೋದಾಗ ನಾನೊಮ್ಮೆ ಅಂಥ ಚಿಪ್ಪು ನೋಡಿದ್ದೇನೆ. ಬರಿಗಣ್ಣಿಗೆ ರವೆಯ ಕಾಳು. ಲೆನ್ಸಿನಲ್ಲಿ ನಾಲ್ಕೈದು ಗುಳ್ಳೆ ಒಂದಕ್ಕೊಂದು ಅಂಟಿಕೊಂಡ ಹಾಗೆ, ಮೈತುಂಬ ಸೂಜಿ ಚುಚ್ಚಿದಂಥ ತೂತು. ಜೋಳದ ಹಿಟ್ಟು ಜರಡಿ ಹಿಡಿದು ಬೆಳೆದ ಹುಡುಗಿಯರಿಗೆ ಈ ಕೆಲಸ ಬಾರದು ಅಂತ ಯಾರಾದರೂ ಹೇಳಲಿ ನೋಡೋಣ.

ಇನ್ನು ಸಂಬಂಧದ ಮಾತು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಗೆ ಸೇರುತ್ತದೆ. ಬೇಡ್ತಿ ಕಲಘಟಗಿ, ಯಲ್ಲಾಪುರದ ಕಡೆಯಿಂದ ಇಳಿದು ಗಂಗಾವಳಿ ಎಂಬ ಹೆಸರಲ್ಲಿ ಅಂಕೋಲಾದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಇತ್ತ ಬೆಣ್ಣಿಹಳ್ಳದ ನೀರು ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಹಾವೇರಿಯ ವರದೆಯದೂ ತುಂಗಭದ್ರೆ ಹಿಡಿದು ಅದೇ ದಾರಿ. ನಮ್ಮ ಹೊಲದಿಂದ ಮಳೆಗೆ ಕೊಚ್ಚಿಹೋದ ಮಣ್ಣಿನಲ್ಲಿ ಒಂದಿಷ್ಟು ಎರಡೂ ಕಡಲಿನ ತಳದಲ್ಲಿ ಕೂತಿದೆ.

ಆ ಗಂಗಾವಳಿಯ ದಡದಲ್ಲೇ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿಯಿತು. ಹೆದ್ದಾರಿ ಬದಿ ನಿಂತಿದ್ದ ಜನ, ವಾಹನ ಮಣ್ಣಿನ ಜೊತೆ ಹೊಳೆಗೆ ಹೋದವು. ನಮ್ಮ ಊರಿನ ಡ್ರೈವರುಗಳು ದಿನಾ ಆ ದಾರಿಯಲ್ಲಿ ಓಡಾಡುವವರು. ಆ ದಿನಗಳಲ್ಲಿ ಟಿವಿಯ ಮುಂದಿನಿಂದ ಏಳಲು ನಮಗ್ಯಾರಿಗೂ ಆಗಲಿಲ್ಲ. ಕೆಸರು ನೀರಿನೊಳಗೆ ಲಾರಿ ಎಲ್ಲಿದೆ ಅಂತ ಹುಡುಕಲು ತಂದದ್ದು ಏನು? ಸೋನಾರ್. ಅದೇ, ಶಬ್ದ ಬಿಟ್ಟು ತಳ ಓದುವ ಯಂತ್ರ. ಕೊನೆಗೆ ಗೋವಾದಿಂದ ಹೂಳೆತ್ತುವ ಯಂತ್ರ ಬಂದು ಲಾರಿ ಮೇಲೆ ಬಂದಾಗ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. ನಾನು ಅದನ್ನು ವಿವರಿಸಿದ ದಿನ, ಪಿಯುಸಿ ಓದುತ್ತಿದ್ದ ಒಬ್ಬ ಹಳೆಯ ವಿದ್ಯಾರ್ಥಿ ಕೇಳಿದ: "ಸರ್, ಇದನ್ನ ನಡೆಸೋರು ಏನ್ ಓದಿರ್ತಾರ?" ಅವನೇ ಮುಂದೆ ನನ್ನ ಜೊತೆ ಕಾಲೇಜಿಗೆ ಬಂದವನು.

ಸಮುದ್ರದೊಳಗೂ ಹೀಗೇ ಗುಡ್ಡ ಕುಸಿಯುತ್ತದೆ, ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. 1929ರಲ್ಲಿ ಕೆನಡಾದ ಪೂರ್ವಕ್ಕೆ ಭೂಕಂಪವಾದ ಮೇಲೆ ಅಟ್ಲಾಂಟಿಕ್ ತಳದ ಟೆಲಿಗ್ರಾಫ್ ತಂತಿಗಳು ಒಂದಾದ ಮೇಲೊಂದು ಕಡಿದವು. ಯಾವುದು ಎಷ್ಟು ಗಂಟೆಗೆ ಕಡಿಯಿತು ಅಂತ ದಾಖಲೆ ಇತ್ತು. ಆ ಸಮಯಗಳನ್ನು ನಂತರ ಕೂಡಿಸಿ ನೋಡಿದಾಗ ಕೆಸರಿನ ಪ್ರವಾಹವೊಂದು ತಳದಲ್ಲಿ ನುಗ್ಗಿ ಹೋಗಿದ್ದು ತಿಳಿಯಿತು. ಇವತ್ತು ಖಂಡದಿಂದ ಖಂಡಕ್ಕೆ ಹೋಗುವ ಇಂಟರ್ನೆಟ್ ಹೆಚ್ಚುಕಡಿಮೆ ಪೂರ್ತಿ ಇಂಥ ಕೇಬಲ್ಲಿನಲ್ಲೇ ಓಡುವುದು. ವಿದ್ಯಾನಗರದಲ್ಲಿ ಕೂತು ಅಮೆರಿಕದ ಮೊಮ್ಮಗನ ಮುಖ ನೋಡುವ ಅಜ್ಜಿಗೂ ಸಮುದ್ರದ ತಳ ಗಟ್ಟಿ ಇರಬೇಕು. 2004ರ ಸುನಾಮಿ, 1974ರಲ್ಲಿ ಸಿಕ್ಕ ಮುಂಬೈ ಹೈ ತೈಲ, ಇವೆಲ್ಲ ನಿಮಗೆ ಗೊತ್ತಿರುವುದೇ. ಹೆಚ್ಚು ಬರೆಯುವುದಿಲ್ಲ.

ಒಂದು ವಿಷಯ ಮಾತ್ರ ಗದಗಿನವನಾಗಿ ಬಿಡಲು ಮನಸ್ಸಿಲ್ಲ. 1981ರ ಜನವರಿ 26ರಂದು ಭಾರತದ ಸಂಶೋಧನಾ ಹಡಗು 'ಗವೇಷಣಿ' ಹಿಂದೂ ಮಹಾಸಾಗರದ ತಳದಿಂದ ಆಲೂಗಡ್ಡೆಯಂಥ ಕಪ್ಪು ಗಂಟುಗಳನ್ನು ಮೇಲೆ ತಂದಿತು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುವ ಗಂಟುಗಳು. ಅವು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಈಗ ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿ.ಮೀ. ಜಾಗದಲ್ಲಿ ಅವುಗಳ ಶೋಧನೆಯ ಹಕ್ಕು ಭಾರತಕ್ಕಿದೆ. ಐದಾರು ಕಿಲೋಮೀಟರ್ ಆಳ. 2021ರಲ್ಲಿ ಒಪ್ಪಿಗೆ ಸಿಕ್ಕ ಆಳ ಸಾಗರ ಯೋಜನೆಗೆ 4,077 ಕೋಟಿ ರೂಪಾಯಿ. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸುವ 'ಮತ್ಸ್ಯ-6000' ವಾಹನ ತಯಾರಾಗುತ್ತಿದೆ. ಒಳ್ಳೆಯದೇ. ಆದರೆ ಆ ಗಂಟು ಬಗೆದರೆ ಅಲ್ಲಿನ ಜೀವಿಗಳ ಗತಿ ಏನು, ಎದ್ದ ಕೆಸರು ಎಷ್ಟು ದೂರ ಹರಡುತ್ತದೆ, ಯಾರು ಕೇಳಬೇಕು? ಗಣಿಗಾರಿಕೆ ಬೇಡ ಅಂತ ಕಪ್ಪತಗುಡ್ಡಕ್ಕಾಗಿ ಬೀದಿಗಿಳಿದ ಜನ ನಾವು. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಅಗೆಯುವ ಮುಂಚೆ ಏನೇನು ಕೇಳಬೇಕು ಅಂತ ನಮಗೆ ಗೊತ್ತು. ಸಮುದ್ರದ ವಿಷಯದಲ್ಲಿ ಹಾಗೆ ಕೇಳುವ ನಮ್ಮ ಮಕ್ಕಳು ಬೇಕು, ಓದಿದವರು ಬೇಕು.

ನಿಮ್ಮ ತೊಂದರೆ ನನಗೆ ಅರ್ಥವಾಗದೆ ಇಲ್ಲ. ವಿದ್ಯಾರ್ಥಿಗಳು ಬರುವುದಿಲ್ಲ, ಕಾಯಂ ಉಪನ್ಯಾಸಕರು ಸಿಗುವುದಿಲ್ಲ, ಎಲ್ಲರಿಗೂ ಕಂಪ್ಯೂಟರ್ ಬೇಕು. ನಿಜ. ಆದರೆ ಹೀಗೊಂದು ವಿಷಯ ಇದೆ ಎಂದೇ ತಿಳಿಯದ ಮಕ್ಕಳು ಅರ್ಜಿ ಹಾಕುವುದು ಹೇಗೆ? ಗೋವಾದ ದೋನಾ ಪಾವ್ಲಾದಲ್ಲಿ, 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಹುಬ್ಬಳ್ಳಿಗೆ ಗೋವಾ ಬೆಂಗಳೂರಿಗಿಂತ ಹತ್ತಿರ. ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ವಿಭಾಗದ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ್ದೇ ವಿಭಾಗ ಇದೆ. ನೌಕರಿ ಸುಲಭ ಅಂತ ನಾನು ಯಾರಿಗೂ ಹೇಳುವುದಿಲ್ಲ. ದಾರಿ ಇದೆ ಅಂತ ಹೇಳುತ್ತೇನೆ, ಅಷ್ಟೇ.

ನನ್ನ ಬೇಡಿಕೆ ದೊಡ್ಡದಲ್ಲ. ಮೂರು ವರ್ಷದ ಭೂವಿಜ್ಞಾನ ಕಾಂಬಿನೇಷನ್ ಮತ್ತೆ ತೆರೆಯಲು ಆಗದಿದ್ದರೆ ಒಂದು ಐಚ್ಛಿಕ ಪತ್ರಿಕೆಯಾದರೂ ಇಡಿ. ನಾಲ್ಕು ಕಾಲೇಜು ಸೇರಿ ಒಬ್ಬ ಅತಿಥಿ ಉಪನ್ಯಾಸಕರನ್ನು ಹಂಚಿಕೊಂಡರೂ ಸಾಕು. ವರ್ಷಕ್ಕೊಂದು ದಿನ ಮಕ್ಕಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಕಪ್ಪತಗುಡ್ಡಕ್ಕೆ, ಇನ್ನೊಂದು ದಿನ ಗಂಗಾವಳಿ ಸಮುದ್ರ ಸೇರುವಲ್ಲಿಗೆ ಕರೆದೊಯ್ಯಿರಿ. ಒಂದು ದಿನ ಹಳೆಯ ಸಮುದ್ರ, ಒಂದು ದಿನ ಹೊಸದು. ಮೇಳದ ಅಧಿಕಾರಿಗಳಲ್ಲಿ ಒಂದೇ ಕೋರಿಕೆ: ವಿಷಯ ಯಾವ ಜಿಲ್ಲೆಗೆ ಸೇರಿದ್ದು ಅಂತ ತೀರ್ಮಾನಿಸುವ ಮೊದಲು ಮಕ್ಕಳಿಗೆ ಐದು ನಿಮಿಷ ಮಾತಾಡಲು ಬಿಡಲು ತೀರ್ಪುಗಾರರಿಗೆ ಹೇಳಿ. ಆ ಇಬ್ಬರು ಹುಡುಗಿಯರು ಈ ವರ್ಷವೂ ಅದೇ ಮಾದರಿ ತರುತ್ತಾರೆ. ಬೇರೆ ಮಾಡಿ ಅಂತ ನಾನೇ ಹೇಳಿದ್ದೆ, ಕೇಳಲಿಲ್ಲ.

ಕೊನೆಯದು ಆ ಕಾಲೇಜಿನವರಿಗೆ. ನಿಮ್ಮದೇ ಅಂತ ನಿಮಗೆ ಗೊತ್ತಾಗಿರುತ್ತದೆ. ನಂಬರ್ 47ನ್ನು ದಯವಿಟ್ಟು ಕಪಾಟಿಗೆ ವಾಪಸ್ ಇಡಿ. ಉಳಿದ 46 ಎಲ್ಲಿವೆ ಅಂತ ಸ್ಟೋರ್ ರೂಮಿನಲ್ಲೊಮ್ಮೆ ಹುಡುಕಿಸಿ. ಚೀಟಿ ಕಳೆದಿದ್ದರೆ ರವಿವಾರ ಬಂದು ನಾನೇ ಬರೆದುಕೊಡುತ್ತೇನೆ. ಕಿಟಕಿಗೆ ಆನಿಸಲು ಒಂದು ಇಟ್ಟಂಗಿ ಕೂಡ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕ
ಗದಗ ಜಿಲ್ಲೆ